ಬಳ್ಳಾರಿಯ ಒಂದು ಬಾಡಿಗೆ ಮನೆ ನಿರ್ವಹಣಾ ಸೇವೆ: ಎರಡು ವರ್ಷಗಳ ಅನುಭವ

ನಾನು ನಿವೃತ್ತ ಶಿಕ್ಷಕಿ. ಬಳ್ಳಾರಿಯ ತಾಳೂರು ರಸ್ತೆಯ ಕಡೆ ನಮ್ಮದೊಂದು ಮನೆಯಿದೆ. ಯಜಮಾನರು ತೀರಿಕೊಂಡ ಮೇಲೆ ನಾನು ರಾಯಚೂರಿನಲ್ಲಿ ಮಗಳ ಬಳಿ ಇರುವುದರಿಂದ ಕೆಳಮನೆಯನ್ನು 9,000 ರೂಪಾಯಿಗೆ, ಮೇಲ್ಮನೆಯನ್ನು 7,500 ರೂಪಾಯಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ದೂರದಿಂದ ನೋಡಿಕೊಳ್ಳುವುದು ಕಷ್ಟವೆಂದು ಬಳ್ಳಾರಿಯ ಒಂದು ನಿರ್ವಹಣಾ ಸಂಸ್ಥೆಗೆ ಎರಡನ್ನೂ ವಹಿಸಿದೆ. ಬಾಡಿಗೆದಾರರನ್ನು ಹುಡುಕಿಕೊಟ್ಟರೆ ಒಂದು ತಿಂಗಳ ಬಾಡಿಗೆ, ಆಮೇಲೆ ವಸೂಲಾದ ಬಾಡಿಗೆಯಲ್ಲಿ ಪ್ರತಿ ತಿಂಗಳು ನೂರಕ್ಕೆ ಎಂಟು ರೂಪಾಯಿ ಅವರ ಶುಲ್ಕ. ನನ್ನಂತೆ ಒಂದೆರಡು ಮನೆಗಳ ಬಾಡಿಗೆಯನ್ನೇ ನೆಚ್ಚಿಕೊಂಡವರು ಈ ಬಗೆಯ ಸೇವೆ ಪಡೆಯುವ ಮುನ್ನ ಏನನ್ನು ಕೇಳಿ ತಿಳಿದುಕೊಳ್ಳಬೇಕೆಂಬುದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಕೆಳಮನೆಯ ವಿಷಯದಲ್ಲಿ ನನಗೆ ದೂರಿಲ್ಲ. ಹದಿನೈದು ದಿನಗಳೊಳಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ನರ್ಸ್ ಕುಟುಂಬವನ್ನು ತಂದು ಕೂರಿಸಿದರು, ಬಾಡಿಗೆ ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ನನ್ನ ಖಾತೆಗೆ ಬರುತ್ತಿದೆ. ನಲ್ಲಿ ನೀರು ಹಲವು ದಿನಕ್ಕೊಮ್ಮೆ ಬರುವ ಈ ಊರಿನಲ್ಲಿ ಸಂಪಿನ ಮೋಟಾರು ಕೆಟ್ಟಾಗ ಮರುದಿನವೇ ರಿಪೇರಿ ಮಾಡಿಸಿ, ಅಂಗಡಿಯ ರಸೀದಿಯನ್ನೂ ಕಳುಹಿಸಿದ್ದರು.

ಮೇಲ್ಮನೆಯ ಕಥೆ ಬೇರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳ ಸಂಸಾರವೆಂದು ಹೇಳಿ 50,000 ರೂಪಾಯಿ ಮುಂಗಡ ಪಡೆದು, ಹನ್ನೊಂದು ತಿಂಗಳ ಕರಾರು ಮಾಡಿಸಿದರು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುವುದರಿಂದ ಎಲ್ಲರೂ ಹನ್ನೊಂದು ತಿಂಗಳಿಗೇ ಬರೆಸುವುದು ರೂಢಿ, ಅದರಲ್ಲಿ ತಪ್ಪಿಲ್ಲ. ಆದರೆ ಆ ಇ-ಸ್ಟಾಂಪ್ ಪತ್ರದಲ್ಲಿ ಮನೆಯನ್ನು ವಾಸಕ್ಕೆ ಮಾತ್ರ ಬಳಸಬೇಕೆಂಬ ಒಂದು ಸಾಲು ಇರಲಿಲ್ಲ. ನಾನು ಅದನ್ನು ಓದದೆ ರಾಯಚೂರಿನಿಂದಲೇ ಸಹಿ ಮಾಡಿ ಕಳುಹಿಸಿದೆ.

ಹತ್ತನೇ ತಿಂಗಳಲ್ಲಿ ಕೆಳಮನೆಯ ನರ್ಸಮ್ಮ ಫೋನ್ ಮಾಡಿ, "ಟೀಚರ್, ರಾತ್ರಿ ಹನ್ನೊಂದಾದ್ರೂ ಮೇಲೆ ಮಷಿನ್ ಸದ್ದು ನಿಲ್ಲಂಗಿಲ್ರಿ" ಎಂದರು. ಮರುದಿನ ಸಿಂಧನೂರು, ಸಿರುಗುಪ್ಪ ಮಾರ್ಗವಾಗಿ ಬಸ್ಸು ಹಿಡಿದು ಬಂದೆ. ನಡುಮನೆಯಲ್ಲಿ ಜೀನ್ಸ್ ಹೊಲಿಯುವ ಐದು ಮೋಟಾರು ಮಷಿನ್, ಒಂದು ಓವರ್‌ಲಾಕ್ ಮಷಿನ್ ಇದ್ದವು. ಯಜಮಾನರು ನಿಂತು ಹಾಕಿಸಿದ ಕಡಪ ಕಲ್ಲಿನ ನೆಲದಲ್ಲಿ ಬೋಲ್ಟಿಗಾಗಿ ಕೊರೆದ ತೂತುಗಳು, ಕಲ್ಲುಗಳ ಸಂದಿನಲ್ಲಿ ಮೆಟ್ಟಿ ಕುಳಿತ ನೀಲಿ ನೂಲು, ಕಿಟಕಿಯ ಜಾಲರಿಯಲ್ಲಿ ಗಾಳಿಯೇ ಬಾರದಷ್ಟು ನೀಲಿ ಬಟ್ಟೆಯ ಧೂಳು ಕಂಡವು. ಬಳ್ಳಾರಿಯಲ್ಲಿ ಎಷ್ಟೋ ಮನೆಗಳ ಅನ್ನ ಜೀನ್ಸ್ ಹೊಲಿಗೆಯಿಂದಲೇ ಬರುತ್ತದೆಂಬುದು ನನಗೆ ಗೊತ್ತು, ಆ ದುಡಿಮೆಯ ಬಗ್ಗೆ ಗೌರವವೂ ಇದೆ. ಆದರೆ ನನಗೆ ತಿಳಿಸದೆ ವಾಸದ ಮನೆಯನ್ನು ಕಾರ್ಖಾನೆ ಮಾಡಿದ್ದು ಸರಿಯಲ್ಲ.

ಸಂಸ್ಥೆಯವರು ಮೂರು ತಿಂಗಳಿಗೊಮ್ಮೆ ಮನೆ ಪರಿಶೀಲಿಸುವುದಾಗಿ ಒಪ್ಪಿಕೊಂಡಿದ್ದರು. ನನಗೆ ಬಂದಿದ್ದ ಫೋಟೊಗಳನ್ನು ಅಂದು ಮತ್ತೆ ತೆಗೆದು ನೋಡಿದರೆ ಮೂರರಲ್ಲೂ ಅದೇ ಗೇಟು, ಅದೇ ತುಳಸಿ ಕಟ್ಟೆ. ಯಾರೂ ಮೆಟ್ಟಿಲು ಹತ್ತಿಯೇ ಇರಲಿಲ್ಲ. ಬಾಡಿಗೆದಾರರ ಹಿನ್ನೆಲೆ ವಿಚಾರಿಸಿದ್ದೇವೆ ಎಂದಿದ್ದರೂ ಅವರ ಕಡತದಲ್ಲಿ ಆಧಾರ್ ಪ್ರತಿಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಗೃಹಜ್ಯೋತಿಯ ಶೂನ್ಯ ಬಿಲ್ಲು ಬರುತ್ತಿದ್ದ ಮೀಟರು 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ಬರತೊಡಗಿ ಎರಡು ತಿಂಗಳಾಗಿದ್ದರೂ ನನಗೆ ತಿಳಿಸಿರಲಿಲ್ಲ. ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆ ನನ್ನ ಹೆಸರಿನಲ್ಲಿದೆ, ಆದ್ದರಿಂದ ವಿದ್ಯುತ್ ಕಂಪನಿ ಜೆಸ್ಕಾಂನ ಬಾಕಿಗೆ ನಾನೇ ಉತ್ತರ ಕೊಡಬೇಕು. ಗೃಹಬಳಕೆಯ ಸಂಪರ್ಕವನ್ನು ಉದ್ದಿಮೆಗೆ ಬಳಸಿದ್ದು ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಂತೆ ಆ ವರ್ಗದ ದರದ ಎರಡು ಪಟ್ಟು ವಿಧಿಸುತ್ತಾರೆಂಬುದೂ ನನಗೆ ಆಮೇಲಷ್ಟೇ ತಿಳಿಯಿತು.

ಮೇಲ್ಮನೆಯವರು ಮಷಿನ್ ತೆಗೆಯುತ್ತೇವೆಂದು ಹೇಳುತ್ತಲೇ ಕರಾರಿನ ಅವಧಿ ಮುಗಿಯಿತು. ಆಮೇಲೆ ಎರಡು ತಿಂಗಳ ಬಾಡಿಗೆ ಬಂತು, ನಂತರ ಅದೂ ನಿಂತಿತು. "ಆರ್ಡರ್ ಇಲ್ರಿ ಟೀಚರ್, ಎರಡು ತಿಂಗಳು ಟೈಮ್ ಕೊಡ್ರಿ" ಎಂದು ಆ ಮನೆಯ ಹೆಣ್ಣುಮಗಳು ಕೈ ಮುಗಿದಾಗ ನನಗೆ ಗಟ್ಟಿಯಾಗಿ ಮಾತನಾಡಲು ಆಗಲಿಲ್ಲ. ಹಾಗೆಯೇ ಐದು ತಿಂಗಳು ಕಳೆದವು. ಆ ತಿಂಗಳುಗಳಲ್ಲಿ ಸಂಸ್ಥೆಯವರು ಶುಲ್ಕ ತೆಗೆದುಕೊಳ್ಳಲಿಲ್ಲ, ಒಪ್ಪಿದಂತೆಯೇ ನಡೆದುಕೊಂಡರು. ಆದರೆ ವಸೂಲಿಗಾಗಿ ಓಡಾಡಲೂ ಇಲ್ಲ. ಕೊನೆಗೆ ಸಂಸ್ಥೆಯ ಹುಡುಗನೊಬ್ಬ, ಬಾಡಿಗೆದಾರರು ಊರಿಗೆ ಹೋದಾಗ ಬೇರೆ ಬೀಗ ಹಾಕಿಬಿಡೋಣ, ಕರೆಂಟು ತೆಗೆಸೋಣ ಎಂದು ಸಲಹೆ ಕೊಟ್ಟ. ನಾನು ಒಪ್ಪುವ ಹಂತಕ್ಕೂ ಬಂದಿದ್ದೆ.

ಅದಕ್ಕೆ ಮುನ್ನ ಪರಿಚಯದ ವಕೀಲರೊಬ್ಬರನ್ನು ಕೇಳಿದ್ದು ಒಳ್ಳೆಯದಾಯಿತು. ಕಾನೂನಿನ ಕ್ರಮವಿಲ್ಲದೆ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು, ಮನೆ ನನ್ನದೆಂಬುದು ಅಲ್ಲಿ ಉತ್ತರವಾಗುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಅವಧಿ ಮುಗಿದ ಮೇಲೂ ಬಾಡಿಗೆ ಪಡೆದಿದ್ದರಿಂದ ಅದು ತಿಂಗಳ ಬಾಡಿಗೆಯಾಗಿ ಮುಂದುವರಿದಿತ್ತು. ಆದ್ದರಿಂದ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಡಿ ಹದಿನೈದು ದಿನಗಳ ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದರು. ನೋಟಿಸು ತಲುಪಿದ ಮೇಲೆ ಎದುರುಬದುರು ಕುಳಿತು ಮಾತಾಯಿತು, ಮುಂದಿನ ತಿಂಗಳು ಮನೆ ಖಾಲಿಯಾಯಿತು. ಬಾಡಿಗೆ ಬಾಕಿ 37,500, ವಿದ್ಯುತ್ ಬಾಕಿ 8,400 ಕಳೆದು ಮುಂಗಡದಲ್ಲಿ ಉಳಿದ 4,100 ರೂಪಾಯಿ ನೆಲದ ರಿಪೇರಿಗೆ ಸಾಲದೆ, ಮತ್ತೆ 7,000 ರೂಪಾಯಿ ಕೈಯಿಂದ ಹಾಕಿದೆ. ನ್ಯಾಯಾಲಯದ ಮೆಟ್ಟಿಲು ಹತ್ತದೆ ಮುಗಿದದ್ದೇ ನನಗೆ ದೊಡ್ಡ ಸಮಾಧಾನ.

ಬಾಡಿಗೆದಾರರನ್ನು ಹುಡುಕುವುದಕ್ಕೆ, ಬಾಡಿಗೆ ಜಮಾ ಮಾಡುವುದಕ್ಕೆ, ಸಣ್ಣಪುಟ್ಟ ರಿಪೇರಿಗೆ ಈ ಸಂಸ್ಥೆ ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡುತ್ತದೆ. ಪರಿಶೀಲನೆ, ಕರಾರು ಪತ್ರ, ತಕರಾರು ಈ ಮೂರಕ್ಕೆ ಮಾತ್ರ ಅವರನ್ನು ನಂಬಿ ಕೂರಬಾರದು. ಕೆಳಮನೆಯನ್ನು ಅವರ ಬಳಿಯೇ ಮುಂದುವರಿಸಿದ್ದೇನೆ. ಮೇಲ್ಮನೆಯ ಹೊಸ ಕರಾರನ್ನು ವಕೀಲರಿಂದಲೇ ಬರೆಸಿ, ವಾಸಕ್ಕೆ ಮಾತ್ರ, ಒಳಬಾಡಿಗೆ ಕೊಡುವಂತಿಲ್ಲ, ಮುನ್ಸೂಚನೆ ಕೊಟ್ಟು ಒಳಬಂದು ನೋಡಲು ಅವಕಾಶವಿರಬೇಕು ಎಂಬ ಸಾಲುಗಳನ್ನು ಸೇರಿಸಿದ್ದೇನೆ. ಸಹಿಯ ದಿನ ನಾನೇ ಬಳ್ಳಾರಿಗೆ ಹೋಗಿ, ಹೊಸ ಬಾಡಿಗೆದಾರರ ಎದುರು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ತುಂಬಿಸಿದ ನೆಲದ ತೂತುಗಳನ್ನು ತೋರಿಸಿ ಬಂದೆ.