ಕಲೋಸೋ ಅಲೋಲಾನೋ? ಪೋಕೆಮಾನ್‌ನ ಎರಡು ಸರಣಿ ನೋಡಿ ಮುಗಿಸಿದ ಮೇಲೆ

ಪೋಕೆಮಾನ್ ಎಂಬ ಜೀವಿಗಳನ್ನು ಪಳಗಿಸಿ ಕಾಳಗಕ್ಕಿಳಿಸುವ ಕಥೆಯ ಪೋಕೆಮಾನ್ ಕಾರ್ಟೂನ್ ಜಪಾನಿನ ಟಿವಿಯಲ್ಲಿ ಶುರುವಾಗಿದ್ದು 1997ರ ಏಪ್ರಿಲ್‌ನಲ್ಲಿ. ಸಾವಿರಕ್ಕೂ ಮಿಕ್ಕಿ ಕಂತುಗಳಿವೆ. ಮಕ್ಕಳಿಗೆ ಎಲ್ಲಿಂದ ತೋರಿಸಬೇಕು? 7 ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸರಣಿಗಳನ್ನು ಪೂರ್ತಿ ನೋಡಿದೆ: ‘ಎಕ್ಸ್‌ವೈ’ (2013–16), ಅದರ ಬೆನ್ನಿಗೇ ಬಂದ ‘ಸನ್ ಆ್ಯಂಡ್ ಮೂನ್’ (2016–19). ಒಂದೊಂದೂ 140ರ ಆಸುಪಾಸಿನ ಕಂತು. ಸಂಜೆಗೆ ಒಂದರಂತೆ ಮುಕ್ಕಾಲು ವರ್ಷ ಹಿಡಿಯಿತು.

ಎಕ್ಸ್‌ವೈ ನಡೆಯುವ ಕಲೋಸ್, ಫ್ರಾನ್ಸ್ ನೋಡಿ ಕಟ್ಟಿದ ನಾಡು. ಲುಮಿಯೋಸ್ ನಗರದ ಪ್ರಿಸ್ಮ್ ಟವರ್ ಕಂಡರೆ ಐಫೆಲ್ ಗೋಪುರವೇ ನೆನಪಾಗುತ್ತದೆ. ಇಲ್ಲಿ ಕಥಾನಾಯಕ ಆ್ಯಶ್ ಊರೂರು ನಡೆದು, ಕಾಳಗ ಗೆದ್ದು ಎಂಟು ಬ್ಯಾಡ್ಜ್ ಗಳಿಸಿ ಲೀಗ್ ಎಂಬ ದೊಡ್ಡ ಪಂದ್ಯಾವಳಿಗೆ ಹೋಗಬೇಕು. ಕಾಳಗ ಅಂದರೆ ಇದರ ಕಾಳಗವೇ. ಆ್ಯಶ್‌ನ ಕಪ್ಪೆಯಂಥ ಪೋಕೆಮಾನ್ ಗ್ರೆನಿಂಜಾ ಬೆನ್ನ ಮೇಲಿನ ಆ ದೊಡ್ಡ ನೀರಿನ ಚಕ್ರ ಎತ್ತಿ ಬೀಸಿದಾಗ ಮಗಳು ಸೋಫಾದ ಮೇಲೆ ಎದ್ದು ನಿಂತುಬಿಟ್ಟಳು. ಲೀಗ್ ಫೈನಲ್‌ನಲ್ಲಿ ಎದುರಾಳಿ ಅಲೈನ್‌ನ ಪೋಕೆಮಾನ್ ಮೆಗಾ ಚಾರಿಝಾರ್ಡ್ ಎದುರು ಆ್ಯಶ್ ಸೋತ. 2016ರ ಆಗಸ್ಟ್‌ನಲ್ಲಿ ಅದು ಪ್ರಸಾರವಾದಾಗ ಅಭಿಮಾನಿಗಳು ಸಿಟ್ಟಾಗಿದ್ದು ಯಾಕೆ ಅಂತ ನನಗೆ ಅವತ್ತು ಗೊತ್ತಾಯಿತು. ಮಗಳಿಗೆ ಊಟ ಸೇರಲಿಲ್ಲ.

ಸನ್ ಆ್ಯಂಡ್ ಮೂನ್ ನಡೆಯುವ ಅಲೋಲಾ ಬೇರೆಯದೇ ಲೋಕ. ಹವಾಯಿ ದ್ವೀಪಗಳ ಛಾಯೆ, ಬ್ಯಾಡ್ಜ್‌ಗಳ ಬೆನ್ನು ಹತ್ತುವ ಗಡಿಬಿಡಿ ಇಲ್ಲ. ಆ್ಯಶ್ ಕುಕುಯಿ ಮೇಷ್ಟರ ಮನೆಯಲ್ಲಿ ಉಳಿದು ಶಾಲೆಗೆ ಹೋಗುತ್ತಾನೆ. ಚಿತ್ರದ ಗೆರೆಗಳನ್ನು ಸರಳ ಮಾಡಿದ್ದಾರೆ, ಮುಖಗಳು ದುಂಡಗೆ. ಮೊದಲ ನಾಲ್ಕೈದು ಕಂತು ನನಗೆ ಒಗ್ಗಲಿಲ್ಲ. ಆಮೇಲೆ ಅರ್ಥವಾಯಿತು, ಈ ಗೆರೆಯಿಂದಲೇ ನಗು, ಅಳು, ಪೆಚ್ಚುಮೋರೆ ಎಲ್ಲ ಅಷ್ಟು ಸಲೀಸಾಗಿ ಮೂಡುತ್ತವೆ. ಪೋಕೆಮಾನ್ ಮುಟ್ಟಲು ಹೆದರುವ ಸಹಪಾಠಿ ಲಿಲ್ಲಿ ಎಷ್ಟೋ ಕಂತುಗಳಾದ ಮೇಲೆ ಒಂದೊಂದೇ ಬೆರಳು ಮುಂದೆ ಚಾಚುವುದನ್ನು ನಾಯಿ ಕಂಡರೆ ಹೆದರುವ ನನ್ನ ಮಗಳು ಕಣ್ಣು ಮಿಟುಕಿಸದೆ ನೋಡಿದಳು.

21ನೇ ಕಂತಿನ ಬಗ್ಗೆ ಹೇಳಲೇಬೇಕು. ಲಿಟ್ಟೆನ್ ಎಂಬ ಬೆಕ್ಕಿನ ಮರಿ ತಿಂಡಿ ಕದ್ದು ಒಯ್ಯುವುದು ಹಾಳು ಮನೆಯಲ್ಲಿ ಮಲಗಿರುವ ಸ್ಟೌಟ್‌ಲ್ಯಾಂಡ್ ಎಂಬ ಮುದಿ ನಾಯಿಗೆ. ಮರದ ಎಲೆ ಉದುರುತ್ತದೆ, ಆಮೇಲೆ ಅದರ ಹಾಸಿಗೆ ಖಾಲಿ. ಸತ್ತಿತು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಅಪ್ಪಾ, ಆ ಅಜ್ಜ ನಾಯಿ ಎಲ್ಲಿಗೆ ಹೋಯ್ತು?’ ಅಂದಳು. ಹಿಂದಿ ಡಬ್ಬಿಂಗ್ ಅರ್ಥವಾಗದಾಗ ಕನ್ನಡದಲ್ಲಿ ಹೇಳಿಕೊಡುತ್ತಿದ್ದವನಿಗೆ ಅವತ್ತು ಮಾತು ಹೊರಡಲಿಲ್ಲ. ಅವಳ ಅಜ್ಜಿ ತೀರಿಕೊಂಡು ಆಗ ಆರು ತಿಂಗಳಾಗಿತ್ತು. ಟಿವಿ ಆರಿಸಿ ಅಜ್ಜಿಯ ಬಗ್ಗೆ ಮಾತಾಡಿದೆವು, ಮೊದಲ ಸಲ.

ಲೀಗ್ ಗೆಲುವೂ ಅಲೋಲಾದ್ದೇ. ಹಿಂದೊಮ್ಮೆ ಆರೆಂಜ್ ದ್ವೀಪಗಳ ಲೀಗ್ ಗೆದ್ದಿದ್ದನ್ನು ಬದಿಗಿಟ್ಟರೆ, 22 ವರ್ಷ ಸೋತ ಆ್ಯಶ್ 2019ರಲ್ಲಿ ಫೈನಲ್ ಎದುರಾಳಿ ಗ್ಲ್ಯಾಡಿಯನ್‌ನನ್ನು ಮಣಿಸಿದ. ಕಾಳಗ ಕಲೋಸ್‌ನಷ್ಟು ಬಿಗಿಯಾಗಿಲ್ಲ, ಒಪ್ಪುತ್ತೇನೆ. ನಡುವೆ ಸುಮ್ಮನೆ ಹೊತ್ತು ಕಳೆಯುವ ಕಂತುಗಳೂ ಇವೆ.

ಹತ್ತು ದಾಟಿದ, ಪೈಪೋಟಿ ಇಷ್ಟಪಡುವ ಮಕ್ಕಳಿದ್ದರೆ ಎಕ್ಸ್‌ವೈ ಹಾಕಿ. ಅದಕ್ಕಿಂತ ಚಿಕ್ಕವರಿಗೆ ನನ್ನ ಮತ ಅಲೋಲಾಗೆ. 21ನೇ ಕಂತಿನ ದಿನ ಮಾತ್ರ ಅಡುಗೆಮನೆ ಕೆಲಸ ಆಮೇಲೆ ಇಟ್ಟುಕೊಂಡು ಅವರ ಪಕ್ಕದಲ್ಲೇ ಕೂತಿರಿ.