24 ಮೊಟ್ಟೆಯ ಇನ್‌ಕ್ಯುಬೇಟರ್: ಬಿಸಿ ನಂಬಬಹುದು, ತೇವಾಂಶ ನೀವೇ ಅಳೆಯಬೇಕು

ಈ ಇನ್‌ಕ್ಯುಬೇಟರಿನಲ್ಲಿ ನಾನು ಮೂರು ಸಲ ಕೋಳಿಮೊಟ್ಟೆ ಕಾವಿಗೆ ಇಟ್ಟಿದ್ದೇನೆ. ಮೊದಲ ಸಲ ಆದ ಕೂಡಲೇ ಬರೆದಿದ್ದರೆ ಬರೀ ಬೈಗುಳ ಇರುತ್ತಿತ್ತು. ಮೂರನೇ ಸಲದ ಮರಿಗಳು ಆಚೆ ಬಂದ ಮೇಲೆ ಬರೆಯುತ್ತಿದ್ದೇನೆ. ಐದರಲ್ಲಿ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಅಂಕ ಪೂರ್ತಿ ತೇವಾಂಶದ ಲೆಕ್ಕದ್ದು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. 37.5 ಡಿಗ್ರಿಗೆ ಇಟ್ಟರೆ ಅಲ್ಲೇ ನಿಲ್ಲುತ್ತದೆ. ಬೇರೆ ಥರ್ಮಾಮೀಟರನ್ನು ನಾಲ್ಕು ಮೂಲೆಯಲ್ಲಿ ಇಟ್ಟು ನೋಡಿದೆ, ವ್ಯತ್ಯಾಸ 0.3 ಡಿಗ್ರಿ ದಾಟಲಿಲ್ಲ. ಫ್ಯಾನ್ ಸದ್ದು ಕಡಿಮೆ. ಮೊಟ್ಟೆ ಹೊರಳಿಸುವ ತಟ್ಟೆ ಒಂದು ದಿನವೂ ಕೈ ಕೊಟ್ಟಿಲ್ಲ. ತಳದಲ್ಲಿ ನೀರಿಗೆ ಎರಡು ಕಾಲುವೆ ಇವೆ, ಒಂದು ಸಣ್ಣದು, ಒಂದು ಅಗಲದ್ದು. ಮುಚ್ಚಳ ತೆಗೆಯದೆ ಹೊರಗಿನ ತೂತಿನಿಂದಲೇ ನೀರು ಬಿಡಬಹುದು. ಈ ಒಂದು ಅನುಕೂಲಕ್ಕೇ ನಾನು ಇದನ್ನು ವಾಪಸ್ ಕಳಿಸಲಿಲ್ಲ.

ಇನ್ನು ತೊಂದರೆಗೆ ಬರುತ್ತೇನೆ. ಜೊತೆಗೆ ಬಂದ ಪುಸ್ತಕದಲ್ಲಿ ಮೊದಲ ದಿನದಿಂದಲೇ ಎರಡೂ ಕಾಲುವೆ ತುಂಬಿಸಿ ಅಂತ ಇತ್ತು. ಹಾಗೇ ಮಾಡಿದೆ. ಪರದೆಯಲ್ಲಿ ತೇವಾಂಶ 52 ಶೇಕಡಾ ಅಂತ ತೋರಿಸುತ್ತಿತ್ತು. ಮೊದಲ 18 ದಿನ 45ರಿಂದ 55 ಇರಬೇಕು ಅನ್ನುವುದು ಎಲ್ಲರೂ ಹೇಳುವ ಲೆಕ್ಕ. ಹಾಗಾಗಿ ನಿಶ್ಚಿಂತೆಯಿಂದ ಇದ್ದೆ. 24ರಲ್ಲಿ 20 ಮೊಟ್ಟೆ ಬೆಳೆದಿದ್ದವು, ಆಚೆ ಬಂದದ್ದು 11 ಮರಿ.

23ನೇ ದಿನ ಉಳಿದವನ್ನು ಒಡೆದು ನೋಡಿದೆ. ಪೂರ್ತಿ ಬೆಳೆದ ಮರಿ. ಕೊಕ್ಕಿನ ತುದಿಯಲ್ಲಿ ಚಿಪ್ಪು ಒಡೆಯುವ ಆ ಬಿಳಿ ಹಲ್ಲೂ ಇತ್ತು. ಆದರೆ ಮೈಯೆಲ್ಲ ಲೋಳೆ, ಪುಕ್ಕ ಚರ್ಮಕ್ಕೆ ಅಂಟಿಕೊಂಡಿತ್ತು. ಮೊಟ್ಟೆಯ ದಪ್ಪ ತುದಿಯಲ್ಲಿ ಇರಬೇಕಾದ ಗಾಳಿಯ ಜಾಗ ಉಗುರಿನಷ್ಟು ಮಾತ್ರ ಇತ್ತು. ಒಂಬತ್ತರಲ್ಲಿ ಏಳು ಹೀಗೇ ಇದ್ದವು. ಅವತ್ತು ತುಂಬಾ ಬೇಜಾರಾಯಿತು. ಇಷ್ಟು ದೂರ ಬಂದ ಜೀವ ಕೊನೇ ಗಳಿಗೆಯಲ್ಲಿ ಉಸಿರಿಗೆ ಜಾಗ ಸಿಗದೆ ಹೋಗಿತ್ತು.

ವಿಷಯ ಇಷ್ಟೇ. ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಅವುಗಳ ಮೂಲಕ ಮೊಟ್ಟೆಯ ನೀರು ದಿನಾ ಸ್ವಲ್ಪ ಸ್ವಲ್ಪ ಆರುತ್ತದೆ, ಆರಲೂ ಬೇಕು. ಆರಿದಷ್ಟು ಗಾಳಿಯ ಜಾಗ ದೊಡ್ಡದಾಗುತ್ತದೆ. ಚಿಪ್ಪು ಒಡೆಯುವ ಮುಂಚೆ ಮರಿ ಕೊಕ್ಕನ್ನು ಅಲ್ಲಿಗೆ ತೂರಿಸಿ ಮೊದಲ ಉಸಿರು ಎಳೆಯುತ್ತದೆ. ತೇವ ಜಾಸ್ತಿ ಆದರೆ ಆ ಜಾಗವೇ ಬೆಳೆಯುವುದಿಲ್ಲ. ಕಡಿಮೆ ಆದರೆ ಒಳಪೊರೆ ಒಣಗಿ ಮರಿಯನ್ನು ಬಿಗಿದು ಹಿಡಿಯುತ್ತದೆ, ತಿರುಗಲೂ ಬಿಡುವುದಿಲ್ಲ.

ಹಾಗಾದರೆ ಪರದೆಯ 52 ಎಷ್ಟು ನಿಜ? ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ತಂದೆ. ಅದನ್ನೂ ಸುಮ್ನೆ ನಂಬಲಿಲ್ಲ, ಉಪ್ಪಿನ ಪರೀಕ್ಷೆ ಮಾಡಿದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹಾಗೆ ಆಗುವಷ್ಟು ಮಾತ್ರ ನೀರು ಹಾಕಬೇಕು. ಉಪ್ಪು ಕರಗಿ ಹೋಗಬಾರದು. ಅದನ್ನೂ ಹೈಗ್ರೋಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟು ಒಂದು ದಿನ ಬಿಟ್ಟರೆ ಒಳಗಿನ ತೇವಾಂಶ 75ಕ್ಕೆ ಬಂದು ನಿಲ್ಲುತ್ತದೆ. ನನ್ನದು 73 ತೋರಿಸಿತು. ಅಂದರೆ ಎರಡು ಕೂಡಿಸಿಕೊಂಡರೆ ಸಾಕು. ಅದನ್ನು ಮೊಟ್ಟೆಯ ಮಟ್ಟಕ್ಕೆ ಇನ್‌ಕ್ಯುಬೇಟರಿನಲ್ಲಿ ಇಟ್ಟೆ. ಪರದೆ 52 ಅನ್ನುವಾಗ ನಿಜವಾಗಿ 64 ಇತ್ತು!

ಯಂತ್ರದ ಸೆನ್ಸರ್ ಮುಚ್ಚಳದಲ್ಲಿ, ಹೀಟರಿನ ಪಕ್ಕದಲ್ಲೇ ಇದೆ. ಗಾಳಿ ಬಿಸಿಯಾದಷ್ಟೂ ತೇವಾಂಶದ ಅಂಕಿ ಇಳಿಯುತ್ತದೆ, ಅದಕ್ಕೇ ಅಲ್ಲಿ ಕಡಿಮೆ ತೋರಿಸುತ್ತಿದೆ ಅನ್ನುವುದು ನನ್ನ ಅನುಮಾನ. ಮಾರಿದವರಿಗೆ ಬರೆದೆ. ಸ್ವಲ್ಪ ಹೆಚ್ಚುಕಮ್ಮಿ ಸಹಜ ಅಂತ ಉತ್ತರ ಬಂತು. 12 ಅಂಕ ಸ್ವಲ್ಪ ಅಲ್ಲ.

ಎರಡನೇ ಸಲ ತಕ್ಕಡಿ ಹಿಡಿದೆ. ಇದನ್ನು ಯಾರೇ ಕೇಳಿದರೂ ಹೇಳುತ್ತೇನೆ, ತೇವಾಂಶಕ್ಕೆ ತೂಕಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 18ನೇ ದಿನದ ಹೊತ್ತಿಗೆ ಮೊಟ್ಟೆ ತನ್ನ ತೂಕದಲ್ಲಿ ಸುಮಾರು 12ರಿಂದ 13 ಶೇಕಡಾ ಕಳೆದುಕೊಂಡಿರಬೇಕು. 55 ಗ್ರಾಂ ಮೊಟ್ಟೆ 48ಕ್ಕೆ ಬರಬೇಕು ಅಂದುಕೊಳ್ಳಿ. ಮನೆಯ ತಕ್ಕಡಿಯಲ್ಲಿ ಒಂದೊಂದೇ ತೂಗಿದರೆ ಒಂದೆರಡು ಗ್ರಾಂ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೂಗಿದೆ. ಗೊಡ್ಡು ಮೊಟ್ಟೆ ಎರಡಿದ್ದವು. ಲೆಕ್ಕ ತಪ್ಪಬಾರದು ಅಂತ ಅವನ್ನೂ 18ನೇ ದಿನದವರೆಗೆ ಬಿಟ್ಟೆ.

24 ಮೊಟ್ಟೆ, ಶುರುವಿನಲ್ಲಿ 1,320 ಗ್ರಾಂ. ಏಳನೇ ದಿನಕ್ಕೆ 67 ಗ್ರಾಂ ಹತ್ತಿರ ಇಳಿಯಬೇಕಿತ್ತು, ಇಳಿದದ್ದು 44. ಸಣ್ಣ ಕಾಲುವೆಯಲ್ಲಿ ಮಾತ್ರ ನೀರು ಇಟ್ಟಿದ್ದೆ, ಅದೂ ಜಾಸ್ತಿಯಾಗಿತ್ತು. ನೀರು ಪೂರ್ತಿ ಬಸಿದುಬಿಟ್ಟೆ. 14ನೇ ದಿನಕ್ಕೆ ಇಳಿಕೆ 118 ಆಯಿತು, 18ನೇ ದಿನಕ್ಕೆ 158. ಅಂದರೆ 12 ಶೇಕಡಾ. ಟಾರ್ಚ್ ಹಿಡಿದು ನೋಡಿದರೆ ಗಾಳಿಯ ಜಾಗ ಮೊಟ್ಟೆಯ ಮೂರನೇ ಒಂದು ಭಾಗದಷ್ಟು ಕಾಣುತ್ತಿತ್ತು. ಆ ಸಲ 22ರಲ್ಲಿ 17 ಮರಿ ಬಂದವು.

ನೀರೇ ಇಲ್ಲದೆ ಹೇಗೆ ಅಂತ ಅನಿಸಬಹುದು. ಕೋಣೆಯ ಗಾಳಿಯಲ್ಲೇ ತೇವ ಇರುತ್ತದೆ ಅಲ್ವಾ? ಮಳೆ ಹಿಡಿದ ದಿನ ಕೋಣೆಯಲ್ಲಿ 25 ಡಿಗ್ರಿ, 95 ಶೇಕಡಾ ತೇವ ಇದ್ದರೆ ಅದೇ ಗಾಳಿ 37.5ಕ್ಕೆ ಬಿಸಿಯಾದಾಗ 47ರ ಆಸುಪಾಸು ಇರುತ್ತದೆ. ಹನಿ ನೀರು ಬೇಡ. ಅದೇ ಕೋಣೆಯಲ್ಲಿ 60 ಇದ್ದರೆ ಒಳಗೆ ಬರೀ 30, ಆಗ ನೀರು ಬೇಕೇ ಬೇಕು. ಎಲ್ಲ ಕಾಲಕ್ಕೂ ಎರಡು ಕಾಲುವೆ ತುಂಬಿಸಿ ಅನ್ನುವ ಸೂಚನೆ ಅದಕ್ಕೇ ತಪ್ಪು.

ಇನ್ನೊಂದು ತಪ್ಪು ನಾನೂ ಮಾಡುತ್ತಿದ್ದೆ. ತೇವ ಏರಲಿ ಅಂತ ಕಾಲುವೆಗೆ ಇನ್ನಷ್ಟು ನೀರು ಸುರಿಯುತ್ತಿದ್ದೆ. ಆಳದಿಂದ ಏನೂ ಆಗುವುದಿಲ್ಲ, ನೀರು ಜಾಸ್ತಿ ದಿನ ಬರುತ್ತದೆ ಅಷ್ಟೆ. ಗಾಳಿಗೆ ತೆರೆದಿರುವ ನೀರಿನ ಅಗಲ ಮುಖ್ಯ. ಕಾಲುವೆಯಲ್ಲಿ ಒಂದು ತುಂಡು ಸ್ಪಂಜು ನಿಲ್ಲಿಸಿದರೆ ಅಂಕಿ ತಕ್ಷಣ ಏರುತ್ತದೆ. ಪ್ರತಿ ಸಲ ಹೊಸ ಸ್ಪಂಜೇ ಹಾಕಿ, ಹಳೆಯದರಲ್ಲಿ ಕೊಳಕು ಬೆಳೆಯುತ್ತದೆ. ಹೊರಗಿನಿಂದ ಬಿಡುವ ನೀರು ಉಗುರುಬೆಚ್ಚಗೆ ಇರಲಿ. ಗಾಳಿ ಕಿಂಡಿ ಮುಚ್ಚಿ ತೇವ ಏರಿಸಲು ಹೋಗಬೇಡಿ, ಮರಿಗೆ ಉಸಿರಾಡಲು ಅದೇ ದಾರಿ.

18ನೇ ದಿನ ಹೊರಳಿಸುವುದನ್ನು ನಿಲ್ಲಿಸಿ, ಎರಡೂ ಕಾಲುವೆ ತುಂಬಿಸಿ, ಸ್ಪಂಜು ಇಟ್ಟು 65ರಿಂದ 70ಕ್ಕೆ ತರುತ್ತೇನೆ. ಆಮೇಲೆ ಮುಚ್ಚಳ ತೆಗೆಯುವುದಿಲ್ಲ. ಮೂರನೇ ಸಲ ಒಂದು ಮೊಟ್ಟೆ ರಾತ್ರಿ ತೂತಾಯಿತು, ಜೋಳದ ಕಾಳಿನಷ್ಟು. ಕಿವಿಯಿಟ್ಟರೆ ಚಿಂವ್ ಅನ್ನುತ್ತಿತ್ತು. ಬೆಳಗಾದರೂ ಅಷ್ಟೇ ತೂತು. ಸಹಾಯ ಮಾಡೋಣ ಅಂತ ಕೈ ಹೋಗುತ್ತಿತ್ತು, ತಡೆದುಕೊಂಡೆ. ಒಮ್ಮೆ ಮುಚ್ಚಳ ತೆಗೆದರೆ ಅರೆಗಳಿಗೆಯಲ್ಲಿ ತೇವ ಹಾರಿಹೋಗಿ, ಚಿಪ್ಪು ಒಡೆಯುತ್ತಿರುವ ಬೇರೆ ಮರಿಗಳ ಪೊರೆ ಒಣಗುತ್ತದೆ. ಹದಿನೆಂಟು ಗಂಟೆ ಕಳೆದ ಮೇಲೆ ಅದು ತಾನಾಗಿ ಸುತ್ತ ಗೀರಿ, ಟೋಪಿ ತೆಗೆದ ಹಾಗೆ ಚಿಪ್ಪನ್ನು ತಳ್ಳಿ ಆಚೆ ಬಿತ್ತು. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಇರುವುದರಿಂದ ಮೊದಲ ಒಂದು ದಿನ ಒಳಗೇ ಇದ್ದರೂ ಹಸಿವಿನ ಚಿಂತೆ ಇಲ್ಲ. ಆ ಸಲ 21ರಲ್ಲಿ 19.

ಕೊಳ್ಳುವವರಿಗೆ ಇನ್ನೊಂದು ಮಾತು: ಕಾಲುವೆಯ ಮೂಲೆಗಳು ತುಂಬಾ ಕಿರಿದು. ಪುಕ್ಕ, ಚಿಪ್ಪಿನ ಚೂರು ಅಲ್ಲಿ ಸಿಕ್ಕಿಕೊಳ್ಳುತ್ತವೆ, ಹಳೆ ಹಲ್ಲುಜ್ಜುವ ಬ್ರಶ್ ಇಲ್ಲದೆ ತೊಳೆಯಲು ಆಗುವುದಿಲ್ಲ. ಪರದೆಯ ತೇವಾಂಶದ ಅಂಕಿಯ ಮೇಲೆ ನಾನು ಒಂದು ಕಾಗದ ಅಂಟಿಸಿದ್ದೇನೆ. ನಾಲ್ಕನೇ ಸಲದ ಮೊಟ್ಟೆ ಇಟ್ಟು ಈಗ ಆರು ದಿನ. ಸಣ್ಣ ಕಾಲುವೆಯಲ್ಲಿ ಅರ್ಧ ನೀರಿದೆ, ನಾಳೆ ತೂಗಬೇಕು.