ಹಂಡೆ ನೀರಿಗೆ ಪೆಲೆಟ್ ಒಲೆ: ಒಲೆ ಚೆನ್ನಾಗಿದೆ, ಪೆಲೆಟ್ ನೋಡಿ ತಗೊಳ್ಳಿ

ಬೆಂಗಳೂರಿನ ಚಳಿಗೆ ಮನೆ ಕಾಯಿಸೋ ಒಲೆ ಬೇಕಿಲ್ಲ, ಆದರೆ ಸ್ನಾನಕ್ಕೆ ಬಿಸಿನೀರು ಬೇಕೇ ಬೇಕು ಅಲ್ವಾ. ಮಳೆಗಾಲದಲ್ಲಿ ಮೋಡ ಕವಿದರೆ ಸೋಲಾರ್ ನೀರು ಉಗುರುಬೆಚ್ಚಗೂ ಬರಲ್ಲ. ಅದಕ್ಕೇ ಹಿತ್ತಿಲಲ್ಲಿ ಅಮ್ಮನ ತಾಮ್ರದ ಹಂಡೆ ಇಡೋಕೆ ಅಂತ ಫ್ಯಾನ್ ಇರುವ ಪೆಲೆಟ್ ಒಲೆ ತಂದೆವು. ಪೆಲೆಟ್ ಅಂದರೆ ಮರದ ಹೊಟ್ಟು, ಸಿಪ್ಪೆ ಇಂಥದ್ದನ್ನು ಒತ್ತಿ ಮಾಡಿದ ಸಣ್ಣ ಕಡ್ಡಿಗಳು.

ಒಲೆ ಬಗ್ಗೆ ದೂರಿಲ್ಲ. ಪೆಲೆಟ್ ತುಂಬಿ ಮೇಲಿನಿಂದ ಹೊತ್ತಿಸಬೇಕು, ಸ್ವಲ್ಪ ಕರ್ಪೂರ ಸಾಕು. ಕೆಳಗಿನ ಗಾಳಿಗೆ ಪೆಲೆಟ್ ಕಾದು ಹೊಗೆ ಬಿಡುತ್ತೆ, ಮೇಲಂಚಿನ ತೂತುಗಳಿಂದ ನುಗ್ಗುವ ಗಾಳಿ ಆ ಹೊಗೆಯನ್ನೇ ಉರಿಸುತ್ತೆ. ಹಾಗಾಗಿ ಮಸಿ ಕಡಿಮೆ, ಕಣ್ಣು ಉರಿಯಲ್ಲ. ಸುಮಾರು ಮುಕ್ಕಾಲು ಕೆಜಿಗೆ ಮೂರು ಬಕೆಟ್ ನೀರಾಗುತ್ತೆ. ಇದೇ ಥರದ ‘ಊರ್ಜಾ’ ಒಲೆಯನ್ನು ನಮ್ಮ ಬೆಂಗಳೂರಿನ ಐಐಎಸ್‌ಸಿಯವರು (ಭಾರತೀಯ ವಿಜ್ಞಾನ ಸಂಸ್ಥೆ) ಬಿಪಿ ಅನ್ನೋ ತೈಲ ಕಂಪನಿ ಜೊತೆ ಸೇರಿ ಮಾಡಿದ್ದರು, ಅದು ನನಗೆ ತುಂಬಾ ಹೆಮ್ಮೆ.

ತಲೆನೋವೆಲ್ಲ ಪೆಲೆಟ್‌ದು. ಮರದ ಹೊಟ್ಟಿನ ಪೆಲೆಟ್ ಉರಿದರೆ ಉಳಿಯೋದು ಚಿಟಿಕೆ ಬೂದಿ. ಒಬ್ಬ ಅಂಗಡಿಯವರು ಅದೇ ಅಂತ ಹೇಳಿ ಕಡಲೆಕಾಯಿ ಸಿಪ್ಪೆ ಬೆರೆಸಿದ್ದು ಕೊಟ್ಟರು, ಬೂದಿ ಕರಗಿ ಕಲ್ಲಿನಂತೆ ಗಟ್ಟಿಯಾಗಿ ಜಾಲರಿಗೆ ಅಂಟಿಕೊಂಡಿತು, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಕಾಯಿತು. ಚೀಲ ಬಿಚ್ಚಿಸಿ ನೋಡಿ. ಕಡ್ಡಿ ನುಣುಪಾಗಿರಬೇಕು, ಮುರಿದರೆ ಪಟ್ ಅನ್ನಬೇಕು, ತಳದಲ್ಲಿ ಪುಡಿ ಜಾಸ್ತಿ ಇದ್ದರೆ ಬೇಡವೇ ಬೇಡ. ಮನೆಗೆ ತಂದ ಮೇಲೂ ನೆಲಕ್ಕೆ ತಾಗದ ಹಾಗೆ ಡ್ರಮ್ಮಿನಲ್ಲಿಡಿ, ಥಂಡಿ ಹಿಡಿದರೆ ಉಬ್ಬಿ ಮತ್ತೆ ಹೊಟ್ಟೇ ಆಗುತ್ತೆ.

ದಾವಣಗೆರೆಯ ಮಾವ ಮೆಕ್ಕೆಜೋಳ ಹಾಕಬಹುದಾ ಅಂತ ಕೇಳಿದರು. ಅಮೆರಿಕದಲ್ಲಿ ಕಾಳನ್ನೇ ಉರಿಸಿ ಮನೆ ಬೆಚ್ಚಗಿಡೋ ಒಲೆಗಳಿವೆ ನಿಜ, ಆದರೆ ಕಾಳಿನ ಬೂದಿಯೂ ಗಟ್ಟಿಯಾಗುತ್ತೆ, ಅದನ್ನು ಕದಡೋಕೆ ಆ ಒಲೆಗಳಲ್ಲಿ ತಿರುಗೋ ಕಡ್ಡಿ ಇರುತ್ತೆ, ಇದರಲ್ಲಿಲ್ಲ. ಮೇಲಾಗಿ 2025-26ರ ಬೆಂಬಲ ಬೆಲೆಯೇ ಕ್ವಿಂಟಾಲ್‌ಗೆ 2,400 ರೂಪಾಯಿ. ಬೆಳೆದ ಕಾಳನ್ನು ಸುಮ್ನೆ ಒಲೆಗೆ ಸುರಿಯೋಕೆ ನನಗಂತೂ ಮನಸ್ಸು ಬರಲ್ಲ.

ಫ್ಲಾಟಿನವರು ದಯವಿಟ್ಟು ಇದನ್ನು ತಗೋಬೇಡಿ. ಹೊಗೆ ಕಾಣದಿದ್ದರೂ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ಅದಕ್ಕೆ ವಾಸನೆಯೂ ಇಲ್ಲ. ಬಚ್ಚಲುಮನೆಯೊಳಗೆ, ಮುಚ್ಚಿದ ಬಾಲ್ಕನಿಯಲ್ಲಿ ಹಚ್ಚಲೇಬಾರದು. ಬಯಲು ಜಾಗ ಇದ್ದವರು ಧೈರ್ಯವಾಗಿ ತಗೊಳ್ಳಿ. ಫ್ಯಾನ್ ಎಷ್ಟು ವೋಲ್ಟಿನದು ಅಂತ ಮಾತ್ರ ಮೊದಲೇ ಕೇಳಿ, ನಮ್ಮದು 12 ವೋಲ್ಟ್, ಕೆಟ್ಟಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಿನಲ್ಲೇ ಬೇರೆ ಸಿಕ್ಕಿತು.